ನಾಲ್ಕು ಹತ್ತಕ್ಕೆ ದಾಟಿದ ಜೀಪು

ನನ್ನ ಗಂಡ ಮಿಲಿಟರಿ ಪೊಲೀಸಿನಲ್ಲಿದ್ದರು. ಬಾಯಲ್ಲಿ ಸೀಟಿ, ಕೈಗೆ ಬಿಳಿ ಗವಸು, ಜೇಬಿನಲ್ಲಿ ಪುಸ್ತಕ. ಯುದ್ಧದಲ್ಲಿ ಅವರ ಕೆಲಸ ಗಾಡಿಗಳಿಗೆ ದಾರಿ ಬಿಡುವುದು, ದಾಟಿದ ಪ್ರತಿ ಗಾಡಿಯ ನಂಬರು, ಹೊತ್ತು, ದಿಕ್ಕು ಬರೆಯುವುದು. ಜೊತೆಯವರು ಸೀಟಿ ಎಂದೇ ಕರೆಯುತ್ತಿದ್ದರು.

ಸೈನ್ಯ ಹಿಂದೆ ಸರಿದಾಗ ಒಂದು ಸೇತುವೆಯ ಮೇಲೆ ಎರಡು ಹಗಲು ನಿಂತರು. ಶೆಲ್ ಬೀಳುತ್ತಿತ್ತು. ಎರಡನೆಯ ಮಧ್ಯಾಹ್ನ ಸೊಂಟಕ್ಕೆ ಚೂರು ಹೊಕ್ಕಿತು. ಬೆಲ್ಟಿನಿಂದ ತಮ್ಮನ್ನು ಕಂಬಕ್ಕೆ ಕಟ್ಟಿಕೊಂಡು ಕೈ ಬೀಸಿದರು. ಗಾಯಾಳುಗಳ ಕೊನೆಯ ಲಾರಿ ದಾಟಿದ್ದು ಸಂಜೆ ಆರಕ್ಕೆ.

ಅವರಿಗೆ ಎರಡು ಪದಕ ಬಂದವು. ಒಂದು ಯುದ್ಧಕ್ಕೆ ಹೋದವರಿಗೆಲ್ಲ ಕೊಟ್ಟದ್ದು, ಇನ್ನೊಂದು ಗಾಯಕ್ಕೆ. ಶೌರ್ಯದ್ದು ಅವರ ತುಕಡಿಯ ಮೇಜರಿಗೆ ಹೋಯಿತು. ಕೊನೆಯ ಗಾಡಿ ದಾಟುವ ತನಕ ಮೇಜರು ಸೇತುವೆ ಬಿಡಲಿಲ್ಲವಂತೆ. ಇವರು ಕಚೇರಿಗೆ ಕೊಟ್ಟ ಗಾಡಿಗಳ ದಾಖಲೆ ಕಾಣೆಯಾಯಿತು. ಜೇಬಿನ ಪುಸ್ತಕ ಉಳಿಯಿತು.

ಮೂವತ್ತೊಂದು ವರ್ಷ ಆ ಸೊಂಟಕ್ಕೆ ಶಾಖ ಕೊಟ್ಟೆ. ಯಾಕೆ ಬಾಯಿ ಬಿಡುವುದಿಲ್ಲ ಎಂದು ಜಗಳಾಡಿದೆ. "ಬರ್ದಿದ್ದೀನಲ್ಲೇ, ಸಾಕು ಬಿಡು" ಅನ್ನುತ್ತಿದ್ದರು. ನನಗೆ ಸಾಕಾಗಲಿಲ್ಲ.

ಅವರು ತೀರಿಕೊಂಡ ತಿಂಗಳಿಗೆ ಮೇಜರು ಮನೆಗೆ ಬಂದ. ಕುರ್ಚಿ ಒರೆಸಿ ಕೂತ. ಮಾಜಿ ಸೈನಿಕರ ಸಭಾಂಗಣಕ್ಕೆ ತನ್ನ ಹೆಸರಿಡುತ್ತಾರೆ, ನೀವೂ ಬಂದು ಗಂಡನ ಬಗ್ಗೆ ಎರಡು ಮಾತಾಡಿ ಎಂದ. ಆಮೇಲೆ ಮೆಲ್ಲಗೆ, "ಅವ್ನ ಹಳೇ ಪುಸ್ತಕ ಇದ್ರೆ ಕೊಡಮ್ಮ, ನೆನಪಿಗೆ ಇಟ್ಕೋತೀನಿ" ಎಂದ.

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಿದ್ದ. ಒಲೆಗೆ ಹಾಕಿಬಿಟ್ಟೆ ಎಂದು ಸುಳ್ಳು ಹೇಳಿದೆ. ಅವನ ಮುಖ ಅರಳಿತು. ಪುಸ್ತಕ ಟ್ರಂಕಿನಲ್ಲಿ, ಬೂಟಿನ ಕೆಳಗಿತ್ತು. ನಾನು ಓದಿದ್ದು ಮೂರನೇ ಕ್ಲಾಸು. ಅಂಕಿ ಚೆನ್ನಾಗಿ ಬರುತ್ತದೆ.

ಸಭೆಯ ಬೆಳಗ್ಗೆ ಎರಡೂ ಪದಕ ಎದೆಯ ಬಲಕ್ಕೆ ಚುಚ್ಚಿಕೊಂಡೆ. ಗಳಿಸಿದವರು ಎಡಕ್ಕೆ, ಅವರ ಹೆಂಡತಿ ಬಲಕ್ಕೆ, ಅದು ಪದ್ಧತಿ. ನನ್ನನ್ನು ಕರೆದಾಗ ಪುಸ್ತಕ ತೆಗೆದು ಓದಿದೆ. ಎರಡನೆಯ ದಿನ, ನಾಲ್ಕು ಗಂಟೆ ಹತ್ತು ನಿಮಿಷ. ಜೀಪು. ನಂಬರು ಓದಿದೆ. ದಿಕ್ಕು ಹಿಂದಕ್ಕೆ. ಅಧಿಕಾರಿ ಒಬ್ಬ, ಡ್ರೈವರ್ ಒಬ್ಬ. ಕೊನೆಯ ಸಾಲನ್ನೂ ಓದಿದೆ: ಆರು ಗಂಟೆ, ಗಾಯಾಳುಗಳ ಲಾರಿ.

"ಆ ಜೀಪು ಯಾರದು?" ಎಂದೆ.

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಕೋಲೂರಿ ಎದ್ದ.

"ನಾನೇ ಓಡ್ಸಿದ್ದು ಅಕ್ಕಾ. ತಿರುಗಿ ನೋಡ್ಬೇಡ, ಗಾಡಿ ಬಿಡು ಅಂದಿದ್ದು ಈ ಸಾಹೇಬ್ರೇ. ಸೀಟಿ ಅಣ್ಣನ ಪ್ಯಾಂಟೆಲ್ಲ ರಕ್ತ. ಆದ್ರೂ ಸೆಲ್ಯೂಟ್ ಹೊಡೆದು ದಾರಿ ಬಿಟ್ರು."

ಸತ್ತವನ ಮರ್ಯಾದೆ ಕಳೆಯಬೇಡಿ ಎಂದ ಮೇಜರು.

"ಅವರ ಮರ್ಯಾದೆ ಇದರಲ್ಲೇ ಇದೆ ಸಾರ್. ನಿಮ್ಮದೂ ಇದರಲ್ಲೇ ಇದೆ" ಎಂದೆ.

ಹೆಸರಿನ ಫಲಕದ ಮೇಲಿನ ಬಟ್ಟೆಯನ್ನು ಯಾರೂ ಎಳೆಯಲಿಲ್ಲ. ಮೇಜರು ಪಕ್ಕದ ಬಾಗಿಲಿಂದ ಹೊರಟ. ನಾನು ಮೆಟ್ಟಿಲ ಮೇಲೆ ನಿಂತು, ಪುಸ್ತಕದ ಕೊನೆಯ ಹಾಳೆಯಲ್ಲಿ ಅವನ ಕಾರಿನ ನಂಬರು ಬರೆದೆ. ಹನ್ನೊಂದು ಇಪ್ಪತ್ತು. ಹಿಂದಕ್ಕೆ.

ಹೊಟ್ಟೆ ತಣ್ಣಗಾಯಿತು.