ಕಾಯದೆ ಬಿಟ್ಟ ನಿಮಿಷ

ನಮ್ಮ ನರ್ಸಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಇಪ್ಪತ್ತೆರಡು ವರ್ಷ ತಪಾಸಣೆಯ ಹೊತ್ತಿಗೆ ಅವಳ ಪಕ್ಕದಲ್ಲಿ ಟಾರ್ಚ್ ಹಿಡಿದ ಆಯಾ ನಾನು. ಅಷ್ಟೇ ವರ್ಷ ಬೈಸಿಕೊಂಡಿದ್ದೇನೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪತ್ತೆ ಮಾಡಲು ನಮ್ಮ ಸಣ್ಣ ಆಸ್ಪತ್ರೆಯಲ್ಲಿ ಯಂತ್ರಗಿಂತ್ರ ಏನೂ ಇಲ್ಲ. ವಿನೆಗರ್‌ನಲ್ಲಿ ಅದ್ದಿದ ಹತ್ತಿಯನ್ನು ಅಲ್ಲಿ ಒತ್ತಬೇಕು, ಒಂದು ನಿಮಿಷ ಕಾಯಬೇಕು. ಬೆಳ್ಳಗೆ ಕಲೆ ಎದ್ದರೆ ದೊಡ್ಡಾಸ್ಪತ್ರೆಗೆ ಚೀಟಿ. "ಮನೆ ಮಂದಿಗೆಲ್ಲ ದಿನವಿಡೀ ಕಾಯ್ತೀರಿ, ನಿಮಗೋಸ್ಕರ ಒಂದು ನಿಮಿಷ ಮಲಗೋಕಾಗಲ್ವಾ?" ಎಂದು ಗದರಿ, ನಾಚುವವರನ್ನೂ ಅವಳು ಮೇಜು ಹತ್ತಿಸುತ್ತಿದ್ದಳು.

ಮೂರು ವರ್ಷದ ಹಿಂದೆ ಶಾಲೆಯ ಕೋಣೆಯಲ್ಲಿ ಇದೇ ತಪಾಸಣೆಯ ಶಿಬಿರ ನಡೆಯಿತು. ನೂರು ಜನರನ್ನು ನೋಡಿ ಮುಗಿಸಬೇಕೆಂದು ಮೇಲಿನವರ ಆದೇಶ; ಜೀಪು ಐದಕ್ಕೆ ಹೊರಡುತ್ತದೆ. ಊಟವಾದ ಮೇಲೆ ನಿಮಿಷ ಅರ್ಧವಾಯಿತು, ಆಮೇಲೆ ಹತ್ತೆಣಿಸುವಷ್ಟಾಯಿತು. "ಬೇಗ ಅಕ್ಕಾ, ಸಾಲು ಇನ್ನೂ ಕರಗಿಲ್ಲ" ಎಂದು ಅವಸರಪಡಿಸಿದವಳು ನಾನೇ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆ ಹೊತ್ತಿನಲ್ಲಿ ಬಂದ ನಮ್ಮೂರ ಹೊಲಿಗೆಯವಳನ್ನು "ಏನೂ ಇಲ್ಲ, ಧೈರ್ಯವಾಗಿರು" ಎಂದು ಕಳಿಸಿಬಿಟ್ಟೆವು.

ಈ ವರ್ಷ ಹೊಲಿಗೆಯವಳಿಗೆ ರಕ್ತ ಹೋಗಲು ಶುರುವಾಯಿತು. ದೊಡ್ಡಾಸ್ಪತ್ರೆಯಲ್ಲಿ ನೋಡಿದಾಗ ಕಾಯಿಲೆ ಬಲಿತಿತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು, ಅವಳು ಬೀದಿಯಲ್ಲೆಲ್ಲ ನಮ್ಮನ್ನು ವಹಿಸಿಕೊಂಡು ಮಾತಾಡಿದ್ದು: "ನರ್ಸಕ್ಕ ಚೆನ್ನಾಗೇ ನೋಡಿದ್ರು, ನನ್ನ ಹಣೆಬರಹ." ಆ ವಾರ ನರ್ಸಕ್ಕ ಯಾರನ್ನೂ ಬೈಯಲಿಲ್ಲ. ಆ ಬೀದಿಯನ್ನು ಬಿಟ್ಟು ಸುತ್ತು ಹಾಕಿಕೊಂಡು ಕೆಲಸಕ್ಕೆ ಬರುತ್ತಿದ್ದಳು. ನಾನೂ ಅಷ್ಟೇ.

ಭಾನುವಾರ ನರ್ಸಕ್ಕ ನನ್ನ ಕೈ ಹಿಡಿದು ಎಳೆದುಕೊಂಡೇ ಹೊಲಿಗೆಯವಳ ಮನೆಗೆ ಹೋದಳು. ಒಂದೇ ಕೋಣೆ, ಹೊಲಿಗೆ ಯಂತ್ರಕ್ಕೆ ಹಳೇ ಬೆಡ್‌ಶೀಟ್ ಹೊದಿಸಿತ್ತು. ಹೊಲಿಗೆಯವಳು ಕಷ್ಟಪಟ್ಟು ಎದ್ದು, ಮಂಚದಲ್ಲಿ ನಮಗೆ ಜಾಗ ಮಾಡಿದಳು. ನರ್ಸಕ್ಕ ಕೂರಲಿಲ್ಲ.

"ಆವತ್ತು ನಾನು ಕಾಯ್ಲಿಲ್ಲ ಕಣಮ್ಮ. ಸುಮ್ನೆ ಇಣುಕಿ ಕಳಿಸಿಬಿಟ್ಟೆ. ಕಾದಿದ್ರೆ ಕಾಣ್ತಿತ್ತೇನೋ. ಬೈ, ಕಂಪ್ಲೇಂಟ್ ಕೊಡು, ಏನು ಬೇಕಾದ್ರೂ ಮಾಡು."

ಬೈದರೆ ಸಾಕಪ್ಪ, ಎದೆ ಹಗುರವಾಗುತ್ತದೆ ಎಂದುಕೊಂಡು ನಿಂತಿದ್ದೆ. ಅಷ್ಟು ಸ್ವಾರ್ಥ ನನ್ನದು.

"ನನ್ನೊಬ್ಬಳಿಗೇನಾ ಹಾಗೆ ಮಾಡಿದ್ದು?" ಎಂದಳು ಹೊಲಿಗೆಯವಳು. "ನನ್ನ ಹಿಂದೆ ಅಷ್ಟು ಜನ ನಿಂತಿದ್ರಲ್ಲ, ಅವ್ರಿಗೆಲ್ಲ ಹೇಳಿದ್ರಾ?"

ನರ್ಸಕ್ಕ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ಈಕೆ ಕ್ಷಮಿಸುತ್ತಾಳೋ ಇಲ್ಲವೋ ಎಂದು ವಾರವಿಡೀ ಒದ್ದಾಡಿದ್ದೆವು. ಆ ಹೆಂಗಸರ ನೆನಪು ನಮ್ಮಿಬ್ಬರಿಗೂ ಒಮ್ಮೆಯೂ ಬಂದಿರಲಿಲ್ಲ.