ಅಕ್ಕನಿಗಾಗಿ ಬಿದ್ದವರು

ಮೂರು ವರ್ಷ ನಾವೆಲ್ಲ ಸೇರಿ ಅಕ್ಕನ ಆಟವನ್ನು ಅಕ್ಕರೆಯಿಂದಲೇ ಹಾಳು ಮಾಡಿದೆವು. ಹಾಗೆ ಮಾಡಿದವರಲ್ಲಿ ನಾನೂ ಒಬ್ಬಳು. ಅದಕ್ಕೇ ಈ ಕಥೆಯನ್ನು ನಾನೇ ಹೇಳಬೇಕು.

ಅಕ್ಕ ನನ್ನ ಒಡಹುಟ್ಟಿದವರಲ್ಲ. ನಾನು ಕೆಲಸ ಮಾಡುವ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆ. ಅಲ್ಲಿ ಅವರು ಹದಿನಾರು ವರ್ಷದಿಂದ ದುಡಿಯುತ್ತಿದ್ದಾರೆ. ಆಳೆತ್ತರದ ಯಂತ್ರಗಳಿಂದ ಒದ್ದೆ ಹಾಸುಗಳನ್ನು ಸೆಳೆದು ತಳ್ಳುಗಾಡಿಗೆ ತುಂಬುವುದು, ಬಿಸಿ ಉರುಳೆಗಳ ನಡುವೆ ತೂರಿಸುವುದು, ಆಚೆ ಬಂದದ್ದನ್ನು ಮಡಿಸಿ ಕಟ್ಟು ಮಾಡುವುದು ಅವರ ಕೆಲಸ. ನಾನು ಎರಡು ಮಹಡಿ ಮೇಲೆ, ರೋಗಿಗಳ ಫೈಲುಗಳ ನಡುವೆ ಕೂರುವವಳು.

ಅಕ್ಕ ಜೂಡೊ ಕಲಿಯಲು ಹೋದದ್ದಲ್ಲ. ತಮ್ಮ ಮೂವತ್ತೇಳನೆಯ ವಯಸ್ಸಿನಲ್ಲಿ ಮಗಳನ್ನು ಸೇರಿಸಲು ಹೋದರು. ಮಗಳು ಎರಡೇ ವಾರಕ್ಕೆ ಕೈಕೊಟ್ಟಳು. "ಹೆಸರು ಬರೆಸಿ ಆಗಿತ್ತು, ನಮ್ಮ ಮನೆಯಿಂದ ಯಾರಾದ್ರೂ ಬೀಳ್ಲೇಬೇಕಿತ್ತಲ್ಲ" ಎಂದು ತಾವೇ ಚಾಪೆಗೆ ಇಳಿದರು. ಮರುವರ್ಷ ನನ್ನನ್ನೂ ಎಳೆದುಕೊಂಡು ಹೋದರು.

ತರಗತಿ ನಡೆಯುತ್ತಿದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಹಾಲಿನಲ್ಲಿ. ಹಸಿರು ಚಾಪೆಗಳು ಬಾಯಿ ಬಿಟ್ಟಲ್ಲೆಲ್ಲ ಅಂಟುಪಟ್ಟಿ. ಕೆಳಗಿನಿಂದ ಟ್ಯೂಬಿಗೆ ತೇಪೆ ಹಾಕುವ ಅಂಟಿನ ವಾಸನೆ. ಮೇಷ್ಟ್ರು ಲಿಫ್ಟ್ ರಿಪೇರಿ ಕೆಲಸದಿಂದ ನಿವೃತ್ತರಾದವರು. ಒಂದು ಮಾತು ಸಾಕಾಗುವಲ್ಲಿ ಅರ್ಧ ಮಾತು ಆಡುವ ಮನುಷ್ಯ.

ನಾಲ್ಕೇ ವರ್ಷದಲ್ಲಿ ಅಕ್ಕ ಕಂದು ಬೆಲ್ಟ್ ಕಟ್ಟಿದರು. ಮುಂದಿನದು ಕಪ್ಪು. ಅಷ್ಟರಲ್ಲಿ ಒಂದು ಸಂಜೆ, ತಮಗಿಂತ ಇಪ್ಪತ್ತು ವರ್ಷ ಚಿಕ್ಕ ಹುಡುಗಿಯೊಬ್ಬಳ ಎಸೆತಕ್ಕೆ ಸಿಕ್ಕಿ ಎಡಭುಜ ಊರಿ ಬಿದ್ದರು. ಮೂಳೆ ಮುರಿದ ಸದ್ದು ಗೋಡೆಗೊರಗಿ ನಿಂತಿದ್ದ ನನಗೂ ಕೇಳಿಸಿತು. ಕಾಲರ್ ಬೋನ್ ಎರಡು ತುಂಡಾಗಿತ್ತು.

ನಾಲ್ಕು ತಿಂಗಳ ಮೇಲೆ ಅವರು ಮತ್ತೆ ಮೆಟ್ಟಿಲು ಹತ್ತಿ ಬಂದಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಯಾರೂ ಯಾರಿಗೂ ಹೇಳಲಿಲ್ಲ, ಆದರೆ ಅಂದಿನಿಂದ ಅಕ್ಕನನ್ನು ಗಾಜಿನ ಲೋಟದಂತೆ ಹಿಡಿಯತೊಡಗಿದೆವು. ಅವರನ್ನು ಎಸೆಯುವಾಗ ಮೆತ್ತಗೆ ಇಳಿಸುತ್ತಿದ್ದೆವು. ಅವರು ಎಸೆಯಲು ಬಂದರೆ ಅವರ ಸೊಂಟ ತಗುಲುವ ಮೊದಲೇ ನಾವಾಗಿಯೇ ಹಾರಿ ಬೀಳುತ್ತಿದ್ದೆವು.

ಆಮೇಲೆ ಅಕ್ಕ ಎರಡು ಸಲ ಕಪ್ಪು ಬೆಲ್ಟಿನ ಪರೀಕ್ಷೆಗೆ ನಿಂತರು. ಎರಡು ಸಲವೂ ಆಗಲಿಲ್ಲ. ಪರೀಕ್ಷೆಯಲ್ಲಿ ಜೋಡಿಯಾಗಿ ಬರುವವರು ಬೇರೆ ತರಗತಿಯವರು. ಅವರು ಕಂಬದ ಹಾಗೆ ನಿಂತೇ ಇದ್ದರು. ನಾವು ದಿನ ಸರಿ ಇರಲಿಲ್ಲ ಎಂದೆವು, ಪರೀಕ್ಷಕರು ಸರಿ ಇಲ್ಲ ಎಂದೆವು. ಅಕ್ಕ ವಾರಕ್ಕೆ ಮೂರು ದಿನ ಬರುತ್ತಿದ್ದವರು ಐದು ದಿನ ಬರತೊಡಗಿದರು. ಒಂದೇ ಎಸೆತವನ್ನು ಸಂಜೆಗೆ ನೂರು ಸಲ ಮಾಡಿದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಮೊಣಕಾಲು ಊದಿತೇ ಹೊರತು ಆಟ ಒಂದಿಂಚೂ ಮುಂದೆ ಹೋಗಲಿಲ್ಲ.

ಹೀಗಿರುವಾಗ ಬೇಕರಿಯಾಕೆ ಬಂದರು. ಮುಖ್ಯರಸ್ತೆಯ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ ಅವರದು. ತೋಳುಗಳೇ ಅದನ್ನು ಹೇಳುತ್ತಿದ್ದವು. ಹರೆಯದಲ್ಲಿ ಬೇರೆ ಊರಿನಲ್ಲಿ ಜೂಡೊ ಕಲಿತು, ಮದುವೆ ಮಕ್ಕಳೆಂದು ಬಿಟ್ಟು, ಈಗ ಮತ್ತೆ ಶುರುಮಾಡಿದವರು. ಅಕ್ಕನ ಮುರಿದ ಮೂಳೆಯ ವಿಷಯ ಅವರಿಗೆ ಗೊತ್ತಿರಲಿಲ್ಲ.

ಮೊದಲ ದಿನವೇ ಮೇಷ್ಟ್ರು ಇಬ್ಬರನ್ನೂ ಜೋಡಿ ಮಾಡಿದರು. ಅಕ್ಕ ತೋಳು ಹಿಡಿದು, ಒಳಹೊಕ್ಕು, ತಿರುಗಿ ಸೊಂಟ ಕೊಟ್ಟರು. ಬೇಕರಿಯಾಕೆ ನಿಂತೇ ಇದ್ದರು. ಎರಡನೆಯ ಸಲವೂ ಹಾಗೆಯೇ. ಆರನೆಯ ಸಲಕ್ಕೆ ಅಕ್ಕ ಏದುಸಿರು ಬಿಡುತ್ತ ಕೇಳಿದರು: "ನೀವ್ಯಾಕೆ ಬೀಳ್ತಿಲ್ಲ?"

ಬೇಕರಿಯಾಕೆ ನಿಜಕ್ಕೂ ತಬ್ಬಿಬ್ಬಾದರು. "ನೀವು ಬೀಳಿಸಿದ್ರೆ ಬೀಳ್ತೀನಿ. ಬೀಳಿಸದೇ ಹೇಗೆ ಬೀಳ್ಲಿ?"

ಹಾಲಿನಲ್ಲಿದ್ದ ನಾವೆಲ್ಲ ನಮ್ಮ ನಮ್ಮ ಕಾಲ್ಬೆರಳು ನೋಡಿಕೊಂಡೆವು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅಕ್ಕ ನನ್ನ ಎದುರು ಕೂತರು. "ನಿಜ ಹೇಳು. ಇಷ್ಟು ದಿನ ನಾನು ಬೀಳಿಸ್ತಿದ್ನಾ, ನೀನೇ ಬೀಳ್ತಿದ್ಯಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. "ಸ್ವಲ್ಪ ನಾನೇ ಹಾರ್ತಿದ್ದೆ, ಅಕ್ಕ."

"ಸ್ವಲ್ಪ ಅಂದ್ರೆ?"

"ಪೂರ್ತಿ."

ಅಕ್ಕ ಚೀಲ ಹೆಗಲಿಗೇರಿಸಿ ಹೊರಟುಹೋದರು. ಎರಡು ವಾರ ತರಗತಿಯ ಕಡೆ ತಲೆ ಹಾಕಲಿಲ್ಲ. ನೆಲಮಾಳಿಗೆಗೆ ಇಳಿದು ಮಾತಾಡಿಸಿದರೆ ಹಾಸು ಮಡಿಸುತ್ತಲೇ "ಹೂಂ", "ಉಹೂಂ" ಎನ್ನುತ್ತಿದ್ದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಮೇಷ್ಟ್ರೇ ಆಸ್ಪತ್ರೆಗೆ ಬಂದರು. ದಾರಿ ಗೊತ್ತಿಲ್ಲದೆ ನನ್ನ ಕೌಂಟರಿನ ಮುಂದೆ ನಿಂತರು. ನಾನೇ ಕೆಳಗೆ ಕರೆದುಕೊಂಡು ಹೋದೆ. ಯಂತ್ರಗಳ ಗದ್ದಲದಲ್ಲಿ ಆ ಮಿತಭಾಷಿ ಕೂಗಿ ಮಾತಾಡಬೇಕಾಯಿತು.

"ನಾನೂ ನೋಡ್ತಾನೇ ಇದ್ದೆ ಕಣಮ್ಮ. ನಿನ್ನ ಎಡಗೈ ಎಳೀತಾ ಇರ್ಲಿಲ್ಲ. ಎಳೀದೇ ತಿರುಗಿದ್ರೆ ಯಾರೂ ಬೀಳಲ್ಲ. ಹೇಳಿದ್ರೆ ಬರೋದು ಬಿಡ್ತೀಯೇನೋ ಅಂತ ಹೆದರಿ ಸುಮ್ಮನಿದ್ದೆ. ಹೇಳದೇ ಇದ್ದಿದ್ದಕ್ಕೇ ಈಗ ಬಿಟ್ಟಿದ್ದೀಯ. ತಪ್ಪು ನಂದು. ಹೊಟ್ಟೆಗೆ ಹಾಕ್ಕೋ."

ಅಕ್ಕ ಮೇಷ್ಟ್ರಿಗೆ ಕೂರಲು ಒಂದು ಸ್ಟೂಲು ಎಳೆದುಕೊಟ್ಟರು. ಅದನ್ನು ಎಡಗೈ ಸೋಕಿಸದೆ ಬಲಗೈಯೊಂದರಲ್ಲೇ ಎಳೆದದ್ದನ್ನು ಅಂದು ಮೊದಲ ಬಾರಿ ಗಮನಿಸಿದೆ.

ಉಳಿದದ್ದನ್ನು ಮಾಡಿದವರು ಅಕ್ಕನ ಅತ್ತೆ. ಎಪ್ಪತ್ತಾರರ ಹೆಂಗಸು; ಸೊಂಟದ ಮೂಳೆ ಮುರಿದು, ಮತ್ತೆ ನಡೆಯಲು ಕಲಿತವರು. ಆ ರಾತ್ರಿಯ ಊಟದ ತಟ್ಟೆಗಳನ್ನು ಅಕ್ಕ ಒಂದೇ ಕೈಯಲ್ಲಿ ಎತ್ತುತ್ತಿದ್ದಾಗ ಅವರು ಹೇಳಿದ್ದನ್ನು ಅಕ್ಕನೇ ನನಗೆ ಆಮೇಲೆ ಹೇಳಿದರು.

"ಮೂರು ವರ್ಷದಿಂದ ನೋಡ್ತಿದೀನಿ. ಎಡಗೈಲಿ ನೀನು ಒಂದು ಬಕೆಟ್ ಎತ್ತಲ್ಲ, ಒಂದು ಬಾಗಿಲು ತೆಗೆಯಲ್ಲ. ಮೂಳೆ ಕೂಡಿದೆ ಅಂತ ಡಾಕ್ಟರೇ ಹೇಳಿದ್ರಲ್ಲ?"

"ಕೂಡಿದೆ ಅತ್ತೆ."

"ಮತ್ತೆ? ನಾನು ಬಿದ್ದಾಗ ನನ್ನ ಬಚ್ಚಲಿಗೆ ನಡೆಸಿದವಳು ಯಾರು? 'ಕಾಲಿಗೆ ಭಾರ ಕೊಡಿ ಅತ್ತೆ, ಇಲ್ಲಾಂದ್ರೆ ಜನ್ಮ ಪೂರ್ತಿ ಗೋಡೆ ಹಿಡ್ಕೊಂಡೇ ಇರ್ತೀರಿ' ಅಂತ ಬೈತಿದ್ದೆ. ಆಗ ನಿನ್ನ ಶಪಿಸ್ತಿದ್ದೆ. ಈಗ ನನ್ನ ಸರದಿ, ಬೈಲಾ?"

ಮರುದಿನ ಸಂಜೆ ಅಕ್ಕ ತರಗತಿಗೆ ಬಂದರು. ನೇರ ಬೇಕರಿಯಾಕೆಯ ಬಳಿ ಹೋಗಿ, ದಿನಾ ಅರ್ಧ ಗಂಟೆ ಮುಂಚೆ ಬರಲಾಗುತ್ತದೆಯೇ ಎಂದು ಕೇಳಿದರು.

"ನನ್ನ ಮೇಲೆ ಕೋಪ ಇಲ್ವಾ?"

"ಇದೆ. ಅದಕ್ಕೇ ನಿಮ್ಮನ್ನೇ ಕೇಳ್ತಿದೀನಿ."

ಹಾಗೆ ಶುರುವಾಯಿತು. ಎಸೆಯುವಂತಿಲ್ಲ, ತಿರುಗುವಂತಿಲ್ಲ, ಎಡಗೈಯಲ್ಲಿ ತೋಳು ಹಿಡಿದು ಎಳೆಯುವುದೊಂದೇ. ಕಪ್ಪು ಬೆಲ್ಟಿನ ಹೊಸ್ತಿಲಲ್ಲಿದ್ದವರು ಹೊಸಬರ ಪಾಠಕ್ಕೆ ಇಳಿದರು. ಬೇಕರಿಯಾಕೆ ಹಿಟ್ಟಿನ ಹದ ನೋಡುವವರಂತೆ ಕಣ್ಣು ಮುಚ್ಚಿ ನಿಂತು "ಬರಲಿಲ್ಲ", "ಬರಲಿಲ್ಲ", "ಹಾಂ, ಈಗ ಸ್ವಲ್ಪ" ಎನ್ನುತ್ತಿದ್ದರು. ಭುಜ ಜುಂ ಎಂದರೆ ಅಕ್ಕನ ಮುಖ ಬಿಳುಚುತ್ತಿತ್ತು. ಆಗ ಬೇಕರಿಯಾಕೆ ಕೈ ಬಿಡದೆ ಕಾಯುತ್ತಿದ್ದರು. ಅಯ್ಯೋ ಎನ್ನುತ್ತಿರಲಿಲ್ಲ, ಸಾಕು ಎಂದೂ ಹೇಳುತ್ತಿರಲಿಲ್ಲ. ನೆಲಮಾಳಿಗೆಯಲ್ಲೂ ಅಕ್ಕ ಒದ್ದೆ ಹಾಸುಗಳನ್ನು ಎಡಗೈಯಲ್ಲಿ ಸೆಳೆಯತೊಡಗಿದರು. ಮೊದಮೊದಲು ಅರ್ಧ ನೆಲದ ಪಾಲು. ಮತ್ತೆ ಒಗೆಯಬೇಕಾಗಿ ಬಂದು ಜೊತೆಯವರು ಗೊಣಗಿದರು.

ಮೂರು ತಿಂಗಳ ನಂತರ ಒಂದು ಸಂಜೆ ಮೇಷ್ಟ್ರು "ಈಗ ತಿರುಗು" ಎಂದರು. ಅಕ್ಕ ಎಳೆದರು. ಬೇಕರಿಯಾಕೆಯ ಹಿಮ್ಮಡಿ ಚಾಪೆಯಿಂದ ಎದ್ದದ್ದನ್ನು ನಾನು ಕಣ್ಣಾರೆ ಕಂಡೆ. ಮರುಕ್ಷಣ ಧೊಪ್ಪೆಂದು ಸದ್ದಾಗಿ, ಕೆಳಗಿನ ಅಂಗಡಿಯವನು "ಏನ್ ಬಿತ್ತು?" ಎಂದು ಕೂಗಿದ.

ಬೇಕರಿಯಾಕೆ ಅಂಗಾತ ಬಿದ್ದು ಛಾವಣಿ ನೋಡುತ್ತಿದ್ದರು. "ಇದು ನಾನು ಬಿದ್ದಿದ್ದಲ್ಲ," ಎಂದರು ನಿಧಾನವಾಗಿ. "ಇದು ನಿಮ್ದೇ."

ಅಕ್ಕ ಅವರ ಪಕ್ಕದಲ್ಲೇ ಕುಸಿದು ಕೂತು, ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ನಮ್ಮ ಕಡೆ ತಿರುಗಿದರು. ಈಗ ಬೈಗುಳ ಬಂತು ಎಂದುಕೊಂಡೆ.

"ಇನ್ಮೇಲೆ ಯಾರೂ ನನಗೋಸ್ಕರ ಬೀಳ್ಬೇಡಿ," ಎಂದರು. "ಆದ್ರೆ ಒಂದು ಮಾತು. ಮೂಳೆ ಮುರ್ಕೊಂಡು ವಾಪಸ್ ಬಂದ ದಿನ ಯಾರಾದ್ರೂ ನನ್ನ ಎತ್ತಿ ಕುಕ್ಕಿದ್ರೆ ಮತ್ತೆ ಈ ಮೆಟ್ಲು ಹತ್ತುತಾನೇ ಇರ್ಲಿಲ್ಲ. ಅವತ್ತು ನೀವು ಬಿದ್ದಿದ್ದಕ್ಕೇ ನಾನು ಉಳ್ಕೊಂಡೆ. ಆ ಋಣ ನಾನು ಮರ್ತಿಲ್ಲ."

ನಮ್ಮ ತಪ್ಪನ್ನು ಹೀಗೆ ಉಪಕಾರದ ಲೆಕ್ಕಕ್ಕೆ ಹಾಕಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮೂರನೆಯ ಪರೀಕ್ಷೆಯಲ್ಲಿ ಜೋಡಿಯಾಗಿ ಬಂದವಳು ಅಕ್ಕನಿಗಿಂತ ಒಂದು ಗೇಣು ಎತ್ತರ. ಮೊದಲು ಅಕ್ಕನೇ ಬಿದ್ದರು, ಅದೂ ಎಡಭುಜದ ಕಡೆಗೆ. ಅವರು ಎದ್ದು, ಬೆಲ್ಟು ಸರಿಮಾಡಿಕೊಂಡು, ಮುಂದಿನ ಹಿಡಿತಕ್ಕೆ ಎಡಗೈಯನ್ನೇ ಮೊದಲು ಚಾಚಿದರು. ಎರಡು ಎಸೆತ ಚೊಕ್ಕವಾಗಿ ಬಂದವು. ಪರೀಕ್ಷಕರು ಕಾಗದದ ಮೇಲೆ ಏನೋ ಬರೆದು ತಲೆದೂಗಿದರು.

ಅಕ್ಕನ ಮನೆಗೆ ನಾನೂ ಬೇಕರಿಯಾಕೆಯೂ ಜೊತೆಗೆ ಹೋದೆವು. ಅತ್ತೆ ಹೊಸ ಕಪ್ಪು ಬೆಲ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಮೊದ್ಲು ಬಿದ್ದೆಯಂತೆ?"

"ಬಿದ್ದೆ ಅತ್ತೆ."

"ಜಟ್ಟಿ ಜಾರಿ ಬಿದ್ರೆ ಅದೂ ಒಂದು ಪಟ್ಟು, ಬಿಡು." ಬೆಲ್ಟನ್ನು ಇನ್ನೊಮ್ಮೆ ಉಜ್ಜಿ, ಬೆರಳಿನ ತುದಿಯನ್ನು ಬೆಳಕಿಗೆ ಹಿಡಿದರು. "ಇದು ಬಣ್ಣ ಬಿಡುತ್ತೆ. ಆಸ್ಪತ್ರೆ ಹಾಸುಗಳ ಜೊತೆ ಹಾಕಿಬಿಟ್ಟೀಯ, ಜೋಕೆ."

ಅಕ್ಕ ನಗುತ್ತ ಬಾಗಿ ಅವರ ಕಾಲು ಮುಟ್ಟಲು ಹೋದರು. ಅತ್ತೆ ತಡೆದು, ಮೊದಲು ಇವರಿಗೆ ಕೂರಲು ಹೇಳು ಎಂದು ಬೇಕರಿಯಾಕೆಯ ಕಡೆ ಕೈ ತೋರಿಸಿದರು.