ಬಿಸ್ಕತ್ತು ಕೊಟ್ಟ ವೀರ

ವಿಮಾನದಿಂದ ಇಳಿದಾಗ ಮೊದಲು ಕಂಡದ್ದು ಹಕ್ಕಿಗಳು. ನನ್ನ ಎದೆಮಟ್ಟಕ್ಕೆ ಬರುವಷ್ಟು ಎತ್ತರ, ಬೋಳು ತಲೆ, ಕುತ್ತಿಗೆಯಲ್ಲಿ ಜೋತುಬಿದ್ದ ಚರ್ಮದ ಚೀಲ, ಬೂದು ಬಣ್ಣದ ರೆಕ್ಕೆ. ಮಣ್ಣಿನ ರನ್‌ವೇ ಪಕ್ಕದ ಕಸದ ಗುಡ್ಡೆಯ ಮೇಲೆ, ಕೈ ಹಿಂದಕ್ಕೆ ಕಟ್ಟಿಕೊಂಡ ನಿವೃತ್ತ ಹೆಡ್ ಕ್ಲಾರ್ಕುಗಳ ಹಾಗೆ ನಿಂತಿದ್ದವು. ನಾವು ನೀಲಿ ಟೋಪಿ ಹಾಕಿಕೊಂಡು, ಎದೆ ಉಬ್ಬಿಸಿಕೊಂಡು, ಒಂದು ಇಡೀ ದೇಶಕ್ಕೆ ಶಾಂತಿ ತರಲು ಬಂದವರು. ಒಂದು ಹಕ್ಕಿಯೂ ಕಾಲು ಸರಿಸಿ ದಾರಿ ಬಿಡಲಿಲ್ಲ. ಆ ನೆಲದಲ್ಲಿ ನಮಗೆ ಎಷ್ಟು ಬೆಲೆಯಿದೆ ಎನ್ನುವುದು ನನಗೆ ಅಲ್ಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಅದು ದಕ್ಷಿಣ ಸುಡಾನ್. ನಾನು ನಾಗಪುರದ ಪಕ್ಕದ ಕಾಮಠಿಯವನು, ಹೆಸರು ಮಲ್ಲಿಕಾರ್ಜುನ. ಅಪ್ಪ ರೈಲ್ವೆ ಫಿಟ್ಟರ್ ಆಗಿ ಹುಬ್ಬಳ್ಳಿಯಿಂದ ವರ್ಗವಾಗಿ ಬಂದವರು ಇಲ್ಲೇ ಉಳಿದರು, ಇಲ್ಲೇ ತೀರಿಕೊಂಡರು. ಮನೆಯೊಳಗೆ ಅವ್ವನ ಹುಬ್ಬಳ್ಳಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಹಿಂದಿ. ಕನ್ನಡ ಓದು ಬರಹವನ್ನು ಅವ್ವ ಅಡಿಗೆಮನೆಯಲ್ಲಿ ಕೂರಿಸಿ ಕಲಿಸಿದಳು. ಸೈನ್ಯದಲ್ಲಿ ನನ್ನ ಕೆಲಸ ಬಂದೂಕಿನದಲ್ಲ, ನೀರಿನದು. ಹೊಳೆಯ ನೀರನ್ನು ಎತ್ತಿ, ಸೋಸಿ, ಕುಡಿಯುವ ಹಾಗೆ ಮಾಡುವ ಯಂತ್ರ ನೋಡಿಕೊಳ್ಳುವವನು. ಶಾಂತಿಪಾಲನಾ ಪಡೆ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಗುಂಡಿನ ಚಕಮಕಿ ಬಂದಿದ್ದರೆ ಅದನ್ನು ಈಗಲೇ ಅಳಿಸಿಬಿಡಿ. ಒಂದು ವರ್ಷ ನಾನು ಫಿಲ್ಟರ್ ತೊಳೆದೆ.

ನಾಗಪುರದವರಿಗೆ ಎರಡು ಹೆಮ್ಮೆ. ದೇಶದ ನಟ್ಟನಡುವೆ ಇದ್ದೇವೆ ಎನ್ನುವುದು ಒಂದು, ನಮ್ಮಷ್ಟು ಬಿಸಿಲು ಯಾರಿಗೂ ಇಲ್ಲ ಎನ್ನುವುದು ಇನ್ನೊಂದು. ನಡುವೆ ಇರುವುದೆಂದರೆ ಎಲ್ಲ ಕಡೆಯಿಂದಲೂ ದೂರ ಇರುವುದು ಎಂದು ಅವರಿಗೆ ಹೊಳೆದಿಲ್ಲ. ಬಿಸಿಲಿನ ಜಂಬವಂತೂ ಅಲ್ಲಿ ಇಳಿದ ಎರಡನೇ ದಿನವೇ ಇಳಿಯಿತು. ಕಾಮಠಿಯಲ್ಲಿ ಮೇ ತಿಂಗಳು ಬಂದರೆ ಕೂಲರಿಗೆ ಹೊಸ ಹುಲ್ಲು ತುಂಬಿ, ನೀರು ಹಾಕಿ, ಅದರ ಮುಂದೆ ಬಿದ್ದುಕೊಂಡು ಸರ್ಕಾರವನ್ನು ಬೈಯುತ್ತೇವೆ. ಅಲ್ಲಿ ನಮಗೆ ಕೊಟ್ಟದ್ದು ತಗಡಿನ ಪೆಟ್ಟಿಗೆ. ಹಡಗಿನಲ್ಲಿ ಸಾಮಾನು ಸಾಗಿಸುವ ಕಂಟೇನರಿಗೆ ಕಿಟಕಿ ಕೊರೆದು ಮನೆ ಎಂದು ಕರೆದಿದ್ದರು. ನಾಲ್ಕು ಜನಕ್ಕೆ ಒಂದು.

ಮಳೆ ಬಂದಾಗ ಇನ್ನೊಂದು ಅವಮಾನ ಕಾದಿತ್ತು. ಅಲ್ಲಿಯ ನೆಲ ಎರೆ ಮಣ್ಣು. ಬೂಟಿಗೆ ಅಂಟಿ, ಹೆಜ್ಜೆ ಹೆಜ್ಜೆಗೂ ತೂಕ ಹೆಚ್ಚಿಸುವ ಅದೇ ಕಪ್ಪು ಮಣ್ಣು, ವಿದರ್ಭದ್ದು, ಧಾರವಾಡ ಸೀಮೆಯದು. ಇಷ್ಟು ದೂರ ಬಂದು, ಅದೇ ಕೆಸರಲ್ಲಿ ಕಾಲು ಹೂತುಕೊಂಡು ನಿಂತಾಗ ನನಗೆ ಸಿಟ್ಟು ಬಂತು. ವಿದೇಶವೆಂದರೆ ಕನಿಷ್ಠ ಮಣ್ಣಾದರೂ ಬೇರೆ ಇರಬೇಡವೇ?

ಬಿಡುವಿನ ಹೊತ್ತನ್ನು ನಮ್ಮವರು ಹೇಗೆ ಕೊಲ್ಲುತ್ತಿದ್ದರು ಎಂದು ಹೇಳಿದರೆ ನಿಮಗೆ ನಮ್ಮ ಮೇಲಿನ ಗೌರವ ಕಡಿಮೆಯಾಗುತ್ತದೆ. ಕಡಿಮೆಯಾಗಲಿ. ಮೊಬೈಲಿನಲ್ಲಿ ಲೂಡೋ. ಭಾನುವಾರ ತಂಬೋಲಾ, ಗೆದ್ದವನಿಗೆ ಬಿಸ್ಕತ್ತಿನ ಪೊಟ್ಟಣ. ಮೀಸೆ ಬಂದ ಗಂಡಸರು ಒಂದು ಅಂಕಿಗಾಗಿ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಕೆಲವರು ಸಿಮೆಂಟು ತುಂಬಿದ ಡಬ್ಬ ಎತ್ತಿ ತೋಳು ಬೆಳೆಸಿ, ಆ ತೋಳಿನ ಫೋಟೋ ತೆಗೆದು ಊರಿಗೆ ಕಳಿಸುತ್ತಿದ್ದರು. ನಾನು ಇವೆಲ್ಲಕ್ಕಿಂತ ಮೇಲಿನವನು ಎಂದುಕೊಂಡು ಮೂಲೆಯಲ್ಲಿ ಕೂತು ಎಲ್ಲರನ್ನೂ ಮನಸ್ಸಿನಲ್ಲೇ ಬೈಯುತ್ತಿದ್ದೆ. ಅದೇ ನನ್ನ ಹವ್ಯಾಸ.

ನನ್ನ ಪೆಟ್ಟಿಗೆಯಲ್ಲಿದ್ದ ಇನ್ನೊಬ್ಬ ಕನ್ನಡಿಗ ಮಹೇಶ, ಮಂಡ್ಯದ ಕಡೆಯವನು. ಮೊದಲ ದಿನ ಕನ್ನಡ ಕೇಳಿ ಖುಷಿಯಿಂದ, "ಬರೋಬರ್ ಆತ್ ನೋಡಪ್ಪ, ಮಾತಾಡಾಕ ಒಬ್ಬಂವ ಸಿಕ್ಕ" ಎಂದೆ. ಅವನು ಬಿದ್ದು ಬಿದ್ದು ನಕ್ಕ.

"ಅಣ್ಣ, ಇದು ಕನ್ನಡನೇ ಅಲ್ಲ ಬುಡಿ. ಅರ್ಧ ಮರಾಠಿ ಐತೆ."

ಮರಾಠಿ ಹುಡುಗರು ನನ್ನನ್ನು ಮದ್ರಾಸಿ ಎನ್ನುತ್ತಿದ್ದರು, ಕನ್ನಡದವನು ಮರಾಠಿ ಎಂದ. ಮಹೇಶನಿಗೆ ಒಂದೇ ಚಟ, ವಿಡಿಯೋ. ಖಾಲಿ ಬಯಲಲ್ಲಿ ಬಂದೂಕು ಹಿಡಿದು ತೆವಳುವುದು, ಅದಕ್ಕೆ ಹಾಡು ಸೇರಿಸಿ ಊರವರಿಗೆ ಕಳಿಸುವುದು. ಅವನು ತೆವಳುತ್ತಿದ್ದದ್ದು ನಮ್ಮ ಪಾಯಿಖಾನೆಯ ಹಿಂದಿನ ಜಾಗದಲ್ಲಿ ಎಂದು ನೋಡಿದವರಿಗೆ ಗೊತ್ತಿರಲಿಲ್ಲ.

ನೀರಿನ ಘಟಕದಲ್ಲಿ ಕಸ ಗುಡಿಸಲು ಅಚೋಲ್ ಎಂಬ ಹೆಂಗಸು ಬರುತ್ತಿದ್ದಳು. ಐವತ್ತರ ಆಸುಪಾಸು, ನನಗಿಂತ ಒಂದು ಗೇಣು ಎತ್ತರ. ಅಂತರ್ಯುದ್ಧದಲ್ಲಿ ಊರು ಬಿಟ್ಟು ಬಂದವರ ಟೆಂಟುಗಳು ನಮ್ಮ ಬೇಲಿಯ ಆಚೆ ಇದ್ದವು, ಅಲ್ಲಿಯವಳು. ನನಗೆ ಅಲ್ಲಿಯ ಮಾತು ಕಲಿಸಿದವಳು ಅವಳೇ. ಮೊಯಾ ಎಂದರೆ ನೀರು. ಮಾಫಿ ಎಂದರೆ ಇಲ್ಲ. ಮೊದಮೊದಲು ಎಲ್ಲರೂ ಮಾಫಿ ಮಾಫಿ ಎನ್ನುವುದು ಕೇಳಿ, ಇವರೆಲ್ಲ ನಮ್ಮ ಕ್ಷಮೆ ಕೇಳುತ್ತಿದ್ದಾರೆ ಎಂದು ತಿಳಿದು ದೊಡ್ಡ ಮನಸ್ಸಿನಿಂದ ತಲೆಯಾಡಿಸುತ್ತಿದ್ದೆ. ಅವಳು ನನ್ನನ್ನು ಕರೆಯುತ್ತಿದ್ದದ್ದು ಕವಾಜಾ ಎಂದು. ಹಾಗೆಂದರೆ ಬಿಳಿಯ, ಪರದೇಶದವ. ಕಾಮಠಿಯ ಶಾಲೆಯಲ್ಲಿ ಕಾಳ್ಯಾ, ಕರಿಯ, ಎಂದು ಕರೆಸಿಕೊಂಡವನು ನಾನು. ಬಿಳಿಯನಾಗಲು ಆಫ್ರಿಕಾಕ್ಕೆ ಹೋಗಬೇಕಾಯಿತು.

ನಾನು ಅವಳಿಗೆ ಕೈ ಜೋಡಿಸಿ ನಮಸ್ಕಾರ ಎನ್ನುವುದನ್ನು ಕಲಿಸಿದೆ. ದಿನಾ ಬೆಳಿಗ್ಗೆ ಪೊರಕೆ ಗೋಡೆಗೆ ಒರಗಿಸಿ, ಕೈ ಜೋಡಿಸಿ, "ನಮಸ್ಕಾರ ಕವಾಜಾ" ಎನ್ನುತ್ತಿದ್ದಳು.

ಮಧ್ಯಾಹ್ನ ಬೇವಿನ ಮರದ ಕೆಳಗೆ ಇದ್ದಿಲ ಒಲೆ ಹೊತ್ತಿಸಿ, ಹುಳಿಬಂದ ಹಿಟ್ಟನ್ನು ಕಾದ ತಗಡಿನ ಮೇಲೆ ತೆಳ್ಳಗೆ ಹರಡಿ, ಕಿಸ್ರಾ ಎಂಬ ರೊಟ್ಟಿ ಮಾಡುತ್ತಿದ್ದಳು. ಅದು ಯಾವ ಹಿಟ್ಟು ಎಂದು ಕೇಳಿದೆ. "ದುರಾ" ಎಂದು ಚೀಲದ ಬಾಯಿ ಬಿಚ್ಚಿ ತೋರಿಸಿದಳು. ಜೋಳ! ನಮ್ಮ ಜೋಳವೇ. ನಾನು ಮುಖ ಸಿಂಡರಿಸಿ, ಇಂಥ ಜೋಳವನ್ನು ಕೊಳೆಸಿ ಹಾಳು ಮಾಡುತ್ತೀರಲ್ಲ, ನಿಜವಾದ ರೊಟ್ಟಿ ಹೇಗಿರುತ್ತದೆ ತೋರಿಸುತ್ತೇನೆ ತಾಳು ಎಂದೆ. ಜನ್ಮದಲ್ಲಿ ಒಂದು ರೊಟ್ಟಿ ಬಡಿದವನಲ್ಲ ನಾನು.

ಮೂರು ರೊಟ್ಟಿ ಕೈಯಲ್ಲೇ ಹರಿದವು. ಸುತ್ತ ಕೂತ ಹೆಂಗಸರು ತೊಡೆ ತಟ್ಟಿಕೊಂಡು ನಕ್ಕರು. ಕೊನೆಗೆ ಕಾಮಠಿಗೆ ವಿಡಿಯೋ ಕಾಲ್ ಮಾಡಿದೆ. ಅವ್ವ ತೆರೆಯ ಮೇಲೆ ಬಂದವಳೇ ನನ್ನ ಕೈ ನೋಡಿದಳು.

"ಏ ಮಲ್ಲ್ಯಾ, ಹಿಟ್ಟಿಗೆ ಎಸರು ಹಾಕೀಯೇನ? ಕುದಿಯೋ ನೀರು ಹಾಕಲಾರ್ದ ರೊಟ್ಟಿ ಹರೀದ ಏನ್ ಮಾಡ್ತದ? ಆ ಬಾಯೀಗೆ ಕೊಡು ಹಿಟ್ಟು. ನೀ ಸರಿ ಆ ಕಡೆ."

ಅವ್ವ ಹುಬ್ಬಳ್ಳಿ ಕನ್ನಡದಲ್ಲೇ ಹೇಳಿದಳು. ಅಚೋಲ್ ತೆರೆಯಲ್ಲಿ ಅವ್ವನ ಕೈ ನೋಡಿ ತನ್ನ ಕೈ ತಿರುಗಿಸಿದಳು. ಎರಡನೇ ಸಲಕ್ಕೆ ರೊಟ್ಟಿ ಅಗಲವಾಗಿ, ಗುಂಡಗೆ, ತಗಡಿನ ಮೇಲೆ ಉಬ್ಬಿತು. "ಆಕಿ ಕೈಯಾಗ ಗುಣ ಐತಿ ನೋಡು" ಎಂದಳು ಅವ್ವ. ಅಂದಿನಿಂದ ಸುಮಾರು ಐದು ತಿಂಗಳು ಅಚೋಲ್ ದಿನಾ ನನಗೊಂದು ರೊಟ್ಟಿ ಎತ್ತಿಡುತ್ತಿದ್ದಳು. ಹೊರಗಿನದು ತಿನ್ನಬಾರದೆಂಬ ನಿಯಮವಿತ್ತು. ತಿಂದೆ. ಆ ವರ್ಷದ ನನ್ನ ಒಂದೇ ಗೆಲುವು ಅದು, ಅದೂ ನನ್ನದಲ್ಲ.

ಆಮೇಲೆ ಒಂದು ಭಾನುವಾರ ತಂಬೋಲಾದಲ್ಲಿ ನನಗೆ ಬಿಸ್ಕತ್ತಿನ ಪೊಟ್ಟಣ ಬಂತು. ಮಹೇಶ ಮೊಬೈಲು ಹಿಡಿದು ಹಿಂದೆ ಬಿದ್ದ.

"ಅಣ್ಣ, ಅದ್ನ ಆಯಮ್ಮನ ಕೈಗೆ ಕೊಡಿ, ಒಂದು ವಿಡಿಯೋ ತೆಗೀತೀನಿ. ನಿಮ್ಮವ್ವಂಗೂ ಕಳ್ಸೋಣ."

ಬೇಡ ಎನ್ನಬಹುದಿತ್ತು. ಬೇಸರದ ಮಧ್ಯಾಹ್ನ, ಹೋಗಲಿ ಎಂದುಕೊಂಡೆ. ಅಚೋಲ್ ಒಲೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ಪೊಟ್ಟಣ ಕೊಟ್ಟೆ. ಅವಳು ನಗುತ್ತ ಕೈ ಜೋಡಿಸಿ ನಮಸ್ಕಾರ ಎಂದಳು. ವಿಡಿಯೋ ತೆಗೆದದ್ದು ಅವಳಿಗೂ ಖುಷಿಯೇ. ಕಂಪಾಲಾದಲ್ಲಿ ಓದುತ್ತಿರುವ ತನ್ನ ಮಗಳಿಗೂ ಕಳಿಸು ಎಂದು ಮಹೇಶನಿಗೆ ನಂಬರ್ ಕೊಟ್ಟಳು.

ನಾಲ್ಕು ದಿನ ಅವಳು ಕೆಲಸಕ್ಕೆ ಬರಲಿಲ್ಲ. ಐದನೇ ದಿನ ಬಂದವಳು ಪೊರಕೆ ಮುಟ್ಟದೆ ನೇರ ನನ್ನ ಮುಂದೆ ನಿಂತಳು. ಅಷ್ಟು ದಿನ ನನ್ನೊಂದಿಗೆ ಮುರುಕು ಮಾತಿನಲ್ಲಿ ಮಾತಾಡಿದವಳು ಈಗ ನೆಟ್ಟಗಿನ ಇಂಗ್ಲಿಷಿನಲ್ಲಿ, ನನ್ನ ಇಂಗ್ಲಿಷಿಗಿಂತ ಚೆನ್ನಾಗಿ ಮಾತಾಡಿದಳು.

"ನನ್ನ ಮಗಳು ಅಳುತ್ತ ಫೋನ್ ಮಾಡಿದಳು. ಅಮ್ಮ, ನೀನು ಸೈನಿಕರ ಹತ್ತಿರ ಭಿಕ್ಷೆ ಬೇಡುತ್ತಿದ್ದೀಯಾ ಎಂದು ಕೇಳಿದಳು. ನಾನು ನಮ್ಮೂರಲ್ಲಿ ಹದಿನೆಂಟು ವರ್ಷ ಶಾಲೆಯಲ್ಲಿ ಕಲಿಸಿದವಳು."

ಮಹೇಶನ ಕೈಯಿಂದ ಮೊಬೈಲು ಕಿತ್ತುಕೊಂಡು, ಅವನು ಎಲ್ಲರಿಗೂ ಹಂಚಿದ್ದ ವಿಡಿಯೋ ನೋಡಿದೆ. ಅಳುವ ಸಂಗೀತ. ಅವಳ ಜೋಡಿಸಿದ ಕೈಗಳು ಮಾತ್ರ ನಿಧಾನವಾಗಿ, ದೊಡ್ಡದಾಗಿ. ಮೇಲೆ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಅಕ್ಷರ: ಹಸಿದ ತಾಯಿಗೆ ಅನ್ನವಿತ್ತ ಭಾರತದ ವೀರ. ನಮಸ್ಕಾರವನ್ನು ಕಲಿಸಿದವನು ನಾನು. ಅವಳು ಟೀಚರ್ ಎಂದು ನನಗೆ ಗೊತ್ತಿರಲಿಲ್ಲ, ಏಕೆಂದರೆ ನಾನು ಕೇಳಿರಲಿಲ್ಲ. ಜಗತ್ತಿನ ಎಲ್ಲರನ್ನೂ ತಿರಸ್ಕಾರದಿಂದ ನೋಡುತ್ತಿದ್ದವನಿಗೆ ಪಕ್ಕದಲ್ಲಿ ಕೂತವಳನ್ನು ನೋಡಲು ಪುರುಸೊತ್ತಿರಲಿಲ್ಲ.

"ಡಿಲೀಟ್ ಮಾಡ್ದೆ ಕಣಣ್ಣ" ಎಂದ ಮಹೇಶ. "ಆದ್ರೆ ಎಲ್ರೂ ಇಳಿಸ್ಕೊಂಡವ್ರೆ, ನಾನೇನ್ ಮಾಡ್ಲಿ?" ಮೇಲಿನವರಿಗೆ ಹೇಳಿದರೆ ಇಬ್ಬರಿಗೂ ಶಿಕ್ಷೆಯಾಗುತ್ತಿತ್ತು. ನಾನು ಹೇಳಲಿಲ್ಲ. ಹೇಡಿತನವನ್ನು ಬೇರೆ ಹೆಸರಿನಿಂದ ಕರೆಯಲು ಈಗ ಮನಸ್ಸಿಲ್ಲ.

ಅಚೋಲ್ ಮತ್ತೆ ಕೆಲಸಕ್ಕೆ ಬಂದಳು. ಕೈ ಜೋಡಿಸಲಿಲ್ಲ, ರೊಟ್ಟಿ ಎತ್ತಿಡಲಿಲ್ಲ. ನಾವು ಹೊರಡುವ ವಾರ ಹೋಗಿ ತಪ್ಪಾಯಿತು ಎಂದೆ. ಗುಡಿಸುವುದನ್ನು ನಿಲ್ಲಿಸದೆ ಅವಳು ಹೇಳಿದಳು, "ನನಗೆ ಹೇಳಿ ಏನು ಬಂತು? ನೋಡಿದವರಿಗೆ ಹೇಳು."

ನಾಗಪುರಕ್ಕೆ ಬಂದು ಇಳಿದರೆ ಆ ವಿಡಿಯೋ ನನಗಿಂತ ಮೊದಲೇ ಬಂದು ನೆಲೆಸಿತ್ತು. ಅವ್ವ ಅದನ್ನು ತೋರಿಸಿ ನನಗೆ ಹೆಣ್ಣು ನೋಡುತ್ತಿದ್ದಳು. ಪ್ರತಾಪ ನಗರದ ಪಾಟೀಲ ಕಾಕಾ, ನಿವೃತ್ತ ಬ್ಯಾಂಕ್ ಮ್ಯಾನೇಜರ್, ಮಗಳನ್ನು ಕೊಡಲು ಹೆಚ್ಚುಕಡಿಮೆ ಒಪ್ಪಿಯೂ ಬಿಟ್ಟಿದ್ದರು. ಇಲ್ಲಿಯ ಕನ್ನಡಿಗರನ್ನು ವರ್ಷಕ್ಕೊಮ್ಮೆ ಸೇರಿಸಿ ಭಾಷಣ ಮಾಡುವವರೂ ಅವರೇ. ಬಂದವರ ಮಕ್ಕಳು ಆ ಭಾಷಣವನ್ನು ಮೊಬೈಲು ನೋಡುತ್ತ ಕೇಳಿ, ಮುಗಿದ ಮೇಲೆ ಮರಾಠಿಯಲ್ಲಿ ಚಪಾತಿ ಕೇಳುತ್ತಾರೆ. ಈ ಸಲ ಭಾಷಣದ ಜೊತೆ ನನಗೆ ಸನ್ಮಾನ.

ಶಾಲು ಹೊದಿಸಿದರು. ಬುಟ್ಟಿ ತುಂಬ ಸಂತ್ರಾ ಹಣ್ಣು ಕೊಟ್ಟರು. ದೀಪ ಆರಿಸಿ ಗೋಡೆಯ ಮೇಲೆ ವಿಡಿಯೋ ಹಾಕಿದರು. ಅಳುವ ಸಂಗೀತ ಬಂತು. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಚೋಲ್ ಗೋಡೆಯಷ್ಟು ಎತ್ತರ ಬೆಳೆದು, ಕೈ ಜೋಡಿಸಿ, ಬೇಲಿಯಾಚೆಯ ಟೆಂಟುಗಳನ್ನು ಕಾಣದ ಈ ಜನರಿಗೆಲ್ಲ ಕೃತಜ್ಞಳಾಗಿ ಕೂತಿದ್ದಳು.

ಮೈಕ್ ಕೊಟ್ಟರು. ನನ್ನ ಅಡಿಗೆಮನೆಯ ಕನ್ನಡದಲ್ಲಿ ಹೇಳಿದೆ.

"ಆಕಿ ಹಸದಿದ್ದಿಲ್ರಿ. ಹಸದಾಂವ ನಾನು. ಐದು ತಿಂಗಳು ದಿನಾ ಆಕಿ ಕೈಯಾಗಿನ ರೊಟ್ಟಿ ತಿಂದೀನಿ. ಆಕಿ ಸಾಲಿ ಬಾಯಿ, ಹದಿನೆಂಟು ವರ್ಷ ಕಲಿಸ್ಯಾಳ. ಆ ಕೈ ಮುಗದದ್ದು ಭಿಕ್ಷಾ ಬೇಡಾಕಲ್ಲ, ನಾನ ಕಲಿಸಿದ ನಮಸ್ಕಾರ. ಆ ಬಿಸ್ಕೀಟು ನನಗ ಜೂಜಿನಾಗ ಬಂದಿದ್ದು. ನೀವ್ ನೋಡಿದ್ದು ಸುಳ್ಳು. ಆಕಿ ಮಗಳು ಇದನ್ನ ನೋಡಿ ಅತ್ತಾಳ."

ದೀಪ ಹಾಕಿದರು. ಪಾಟೀಲ ಕಾಕಾ ಮೈಕ್ ತೆಗೆದುಕೊಂಡು, ಸೈನಿಕರಿಗೆ ವಿನಯ ಜಾಸ್ತಿ ಎಂದು ನಕ್ಕು, ಎಲ್ಲರೂ ಊಟಕ್ಕೆ ನಡೆಯಿರಿ ಎಂದರು. ಸತ್ಯವನ್ನು ವಿನಯ ಎಂದು ಮಡಚಿ ಒಳಗಿಡುವ ಆ ಚಾಕಚಕ್ಯತೆಗೆ ಅವರಿಗೇ ಒಂದು ಶಾಲು ಹೊದಿಸಬೇಕಿತ್ತು. ಮರುದಿನ ಅವ್ವನಿಗೆ ಅವರ ಫೋನ್ ಬಂತು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ವೈನಿ, ಹುಡುಗ ಚಲೋ ಇದ್ದಾನ. ಆದರ ಮಂದ್ಯಾಗ ಏನ್ ಮಾತಾಡಬೇಕು ತಿಳಿಯಂಗಿಲ್ಲ. ಸದ್ಯಕ್ಕ ಬ್ಯಾಡ ಬಿಡ್ರಿ."

ಎರಡು ದಿನ ಅವ್ವ ನನ್ನ ತಟ್ಟೆಯನ್ನು ಅಡಿಗೆಮನೆಯಲ್ಲೇ ಮುಚ್ಚಿಟ್ಟು ಹೋದಳು. ನೆರೆಯವರು, "ಕ್ಯಾ ಭಾಯಿ, ನಿಮ್ಮ ವಿಡಿಯೋ ಸುಳ್ಳಂತಲ್ಲ?" ಎಂದು ಕೇಳಿ ಹೋದರು. ಮೂರನೇ ದಿನ ಮಧ್ಯಾಹ್ನ ಅವ್ವ ತಟ್ಟೆ ತಂದಿಟ್ಟು ಎದುರಿಗೆ ಕೂತಳು.

"ಇಷ್ಟ್ ಮಂದಿಗೆ ಹೇಳಿದಿ. ಆಕಿ ಮಗಳಿಗೆ ಹೇಳೀಯೇನು?"

ಹೇಳಿರಲಿಲ್ಲ. ಆ ಯೋಚನೆಯೇ ನನಗೆ ಬಂದಿರಲಿಲ್ಲ. ಸಭೆಯಲ್ಲಿ ಎದ್ದು ನಿಂತು ಧೈರ್ಯ ತೋರಿಸಿದ್ದಕ್ಕೆ ನಾನೇ ನನಗೆ ಒಳಗೊಳಗೆ ಸನ್ಮಾನ ಮಾಡಿಕೊಂಡು ಕೂತಿದ್ದೆ. ಮಹೇಶನನ್ನು ಕೇಳಿ ನಂಬರ್ ತರಿಸಿಕೊಂಡೆ. ಇಂಗ್ಲಿಷಿನಲ್ಲಿ, ಹರಕು ಮುರುಕಾಗಿ, ನಡೆದದ್ದನ್ನೆಲ್ಲ ಬರೆದೆ. ರೊಟ್ಟಿಯದು, ನಮಸ್ಕಾರದ್ದು, ಬಿಸ್ಕತ್ತಿನದು. ನಿಮ್ಮ ತಾಯಿ ಯಾರ ಮುಂದೆಯೂ ಕೈ ಚಾಚಲಿಲ್ಲ ಎಂದು ಬರೆದು ಕಳಿಸಿದೆ.

ಸಂಜೆ ಉತ್ತರ ಬಂತು. ಎರಡೇ ಪ್ರಶ್ನೆ. ನೀವು ಯಾರು? ಎಲ್ಲಿಯವರು?

ಮೊದಲನೆಯದು ಸುಲಭವಾಗಿತ್ತು. ಆ ವಿಡಿಯೋದಲ್ಲಿ ಬಿಸ್ಕತ್ತು ಕೊಟ್ಟವನು ನಾನೇ ಎಂದು ಬರೆದೆ. ಎರಡನೆಯದಕ್ಕೆ ನಾಗಪುರ ಎಂದು ಬರೆದು ಅಳಿಸಿದೆ. ಹುಬ್ಬಳ್ಳಿ ಎಂದು ಬರೆದು ಅದನ್ನೂ ಅಳಿಸಿದೆ. ಒಳಗಿಂದ ಅವ್ವ, "ಬಂತೇನೋ ಉತ್ತರ?" ಎಂದು ಕೂಗಿದಳು. ಬಂತು ಎಂದೆ. ಆ ಹುಡುಗಿ ಇನ್ನೂ ಆನ್‌ಲೈನಿನಲ್ಲಿ ಕಾಯುತ್ತಿದ್ದಳು.